ಹೆಸರು ಅದೇ ಇತ್ತು, ವಯಸ್ಸು ನೋಡಲಿಲ್ಲ: ಲ್ಯಾಬ್ ರಿಪೋರ್ಟ್ ತರುವವರು ದಯವಿಟ್ಟು ಓದಿ

ಲ್ಯಾಬಿನಿಂದ ರಿಪೋರ್ಟ್ ತರುವಾಗ ಹೆಸರು ಮಾತ್ರ ನೋಡಿ ಕವರ್ ಜೇಬಿಗೆ ಹಾಕಿಕೊಂಡು ಬರಬೇಡಿ. ನಾನು ಹಾಗೆ ಮಾಡಿದೆ. ಒಂಬತ್ತು ದಿನ ನಮ್ಮ ಮನೆ ಮನೆಯ ಹಾಗೆ ಇರಲಿಲ್ಲ. ಇನ್ನೊಂದು ಮನೆಯಲ್ಲಿ ಇದಕ್ಕಿಂತ ದೊಡ್ಡ ಅನಾಹುತ ಆಗ್ತಾ ಇತ್ತು, ಅದು ನಮಗೆ ಗೊತ್ತೇ ಇರಲಿಲ್ಲ.

ನಮ್ಮದು ಬದಿಯಡ್ಕದ ಹತ್ತಿರ. ಅಪ್ಪನ ಹೆಸರು ನಾರಾಯಣ, ವಯಸ್ಸು 68. ಶುಗರ್ ಇದೆ, ಮಾತ್ರೆಯಲ್ಲೇ ಹತೋಟಿಯಲ್ಲಿದೆ. ವರ್ಷಕ್ಕೆ ಎರಡು ಸಲ ಕಾಸರಗೋಡು ಪೇಟೆಯ ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟು ಬರ್ತಾರೆ. ಲ್ಯಾಬಿನ ಹೆಸರು ಹಾಕುವುದಿಲ್ಲ, ದಯವಿಟ್ಟು ಕೇಳಬೇಡಿ, ಇದು ಎಲ್ಲಿ ಬೇಕಾದರೂ ಆಗಬಹುದು. ಕಳೆದ ಜೂನ್‌ನಲ್ಲಿ ಅಪ್ಪ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಬಂದರು. ಸಂಜೆ ರಿಪೋರ್ಟ್ ತರಲು ನಾನು ಹೋದೆ. ಬಿಲ್ಲು ಅಪ್ಪನ ಅಂಗಿಯ ಜೇಬಲ್ಲೇ ಉಳಿದಿತ್ತು. ಜೋರು ಮಳೆ, ಕೌಂಟರಿನ ಮುಂದೆ ಕೊಡೆ ಹಿಡಿದ ಹತ್ತು ಜನ. ನಾನು "ನಾರಾಯಣ ಕೆ" ಅಂದೆ. ಆ ಹುಡುಗಿ ಕವರುಗಳ ಕಟ್ಟನ್ನು ಬೆರಳಲ್ಲಿ ಸರಿಸುತ್ತಾ ಹೋಗಿ ಒಂದನ್ನು ಎಳೆದು "ನಾರಾಯಣನ್ ಕೆ, ಅಲ್ಲೇ?" ಅಂದಳು. ಹೌದು ಅಂದೆ. ಅಷ್ಟೇ ಆದದ್ದು.

ಆ 'ನ್' ಕೇಳಿಯೂ ನನಗೆ ಏನೂ ಅನಿಸಲಿಲ್ಲ. ನಮ್ಮ ಕಡೆಯವರಿಗೆ ಇದು ಹೊಸತಲ್ಲವಲ್ಲ. ನಮ್ಮ ನಾರಾಯಣ, ಕೃಷ್ಣ, ಮಾಧವ, ಗೋವಿಂದ ಎಲ್ಲರೂ ಮಲಯಾಳದಲ್ಲಿ ಬರೆಯುವವರ ಕೈಗೆ ಹೋದಾಗ ನಾರಾಯಣನ್, ಕೃಷ್ಣನ್, ಮಾಧವನ್, ಗೋವಿಂದನ್ ಆಗಿಬಿಡ್ತಾರೆ. ಅಪ್ಪನ ಆಧಾರಿನಲ್ಲಿ ಒಂದು ತರ ಇದೆ, ರೇಷನ್ ಕಾರ್ಡಿನಲ್ಲಿ ಇನ್ನೊಂದು ತರ. ಇನಿಷಿಯಲ್ ಕತೆಯೂ ಹಾಗೇ. ಒಬ್ಬರ 'ಕೆ' ಅಂದರೆ ತರವಾಡು ಮನೆಯ ಹೆಸರು, ಇನ್ನೊಬ್ಬರದ್ದು ಅಪ್ಪನ ಹೆಸರು, ಮತ್ತೊಬ್ಬರದ್ದು ಊರು. ಕಾಗದದ ಮೇಲೆ ಎಲ್ಲವೂ ಬರೀ 'ಕೆ'. ಊರಲ್ಲಿ ಇಬ್ಬರು ನಾರಾಯಣರಿದ್ದರೆ ಯಾವ ಮನೆಯವರು ಅಂತ ಕೇಳಿಯೇ ನಾವು ಮುಂದೆ ಮಾತಾಡೋದು. ಪೇಟೆಯ ಕೌಂಟರಿನಲ್ಲಿ ಆ ಪ್ರಶ್ನೆ ಯಾರೂ ಕೇಳುವುದಿಲ್ಲ.

ಮನೆಗೆ ಬಂದು ಕವರ್ ಬಿಚ್ಚಿದರೆ, ಕಿಡ್ನಿ ಹೇಗೆ ಕೆಲಸ ಮಾಡ್ತಾ ಇದೆ ಅಂತ ತೋರಿಸುವ ಕ್ರಿಯಾಟಿನಿನ್ 3.8. ಗಂಡಸರಿಗೆ ಅದು ಸಾಧಾರಣವಾಗಿ 0.7ರಿಂದ 1.3ರ ಒಳಗೆ ಇರಬೇಕು. ದಪ್ಪ ಅಕ್ಷರದಲ್ಲಿದ್ದ ಆ ಅಂಕಿ ಬಿಟ್ಟು ಬೇರೆ ಏನೂ ನಮ್ಮ ಕಣ್ಣಿಗೆ ಬೀಳಲಿಲ್ಲ. ರಾತ್ರಿಯೇ ಊರಿನ ಡಾಕ್ಟರಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಅವರು ಕೂಡಲೇ ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ ನಿಲ್ಲಿಸಿ, ಮಂಗಳೂರಿನಲ್ಲಿ ಕಿಡ್ನಿ ಡಾಕ್ಟರಿಗೆ ತೋರಿಸಿ ಅಂದರು. ಅವರದ್ದು ತಪ್ಪಲ್ಲ. ಕಿಡ್ನಿ ಅಷ್ಟು ಸೋತಿದ್ದರೆ ಆ ಮಾತ್ರೆ ಕೊಡಲೇಬಾರದು. ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಒಂಬತ್ತನೇ ದಿನಕ್ಕೆ.

ಆ ಒಂಬತ್ತು ದಿನ ಹೇಗೆ ಹೋಯಿತು ಅಂತ ಹೇಳಲೇಬೇಕು. ಎಳನೀರು ಬೇಡ, ಬಾಳೆಹಣ್ಣು ಬೇಡ, ಉಪ್ಪು ಬೇಡ. ಅಪ್ಪ ದಿನಾ ರಾತ್ರಿ ಕುಚ್ಚಲಕ್ಕಿ ಗಂಜಿಗೆ ಮಿಡಿ ಉಪ್ಪಿನಕಾಯಿ ಹಾಕಿಕೊಂಡು ಉಣ್ಣುವವರು. ಅಮ್ಮ ಉಪ್ಪಿನಕಾಯಿ ಭರಣಿಯನ್ನೇ ಅಟ್ಟಕ್ಕೆ ಏರಿಸಿದರು. ಅಪ್ಪ ಉಪ್ಪಿಲ್ಲದ ಗಂಜಿಯ ಬಟ್ಟಲನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತಿರೋರು. ಒಂದು ದಿನ ನನ್ನನ್ನು ಕರೆದು ಜಾಗದ ಕಾಗದಪತ್ರ ಎಲ್ಲಿದೆ, ಸೊಸೈಟಿಯ ಸಾಲ ಎಷ್ಟು ಬಾಕಿ ಇದೆ ಅಂತ ಒಂದೊಂದಾಗಿ ಹೇಳಿದರು. ನಾನು ಬರೆದುಕೊಂಡೆ. ಮಾತ್ರೆ ನಿಲ್ಲಿಸಿದ್ದರಿಂದ ಶುಗರ್ 290ಕ್ಕೆ ಹೋಯಿತು, ರಾತ್ರಿ ನಾಲ್ಕು ಸಲ ಏಳೋರು, ಅದನ್ನೂ ನಾವು ಕಿಡ್ನಿಯ ಲೆಕ್ಕಕ್ಕೇ ಹಾಕಿದೆವು.

ಮಂಗಳೂರಿನ ಡಾಕ್ಟರು ಅಪ್ಪನ ಕಾಲು ಒತ್ತಿ ನೋಡಿದರು. ಬಾವಿಲ್ಲ. ಸ್ಕ್ಯಾನ್ ಮಾಡಿಸಿದರು. ಕಿಡ್ನಿ ಸರಿಯಾಗಿದೆ. ಮತ್ತೆ ರಿಪೋರ್ಟ್ ಕೈಗೆ ತೆಗೆದುಕೊಂಡು "ವಯಸ್ಸೆಷ್ಟು ಮಾವ ನಿಮಗೆ?" ಅಂದರು. ಅಪ್ಪ 68 ಅಂದರು. "ಇದರಲ್ಲಿ 71 ಅಂತ ಇದೆಯಲ್ಲ?"

ಹೆಸರಿನ ಪಕ್ಕದಲ್ಲೇ ಇತ್ತು. 71. ನಾನು ಆ ಕಾಗದವನ್ನು ಎಷ್ಟು ಸಲ ತೆರೆದು ನೋಡಿದ್ದೆನೋ ಲೆಕ್ಕವಿಲ್ಲ. ಅಮ್ಮ ನೋಡಿದ್ದರು, ತಂಗಿ ನೋಡಿದ್ದಳು. ಯಾರಿಗೂ ಕಾಣಲಿಲ್ಲ. ಅಲ್ಲೇ ಮತ್ತೆ ರಕ್ತ ತೆಗೆದರು. ಕ್ರಿಯಾಟಿನಿನ್ 1.0.

ಅಪ್ಪ ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಕೇಳಿದ ಮೊದಲ ಮಾತು, "ಹಾಗಾದ್ರೆ ಆ ಇನ್ನೊಬ್ಬರು ಎಲ್ಲಿದ್ದಾರೆ?" ನನಗೆ ಅಲ್ಲಿಯವರೆಗೆ ಅದು ಹೊಳೆದೇ ಇರಲಿಲ್ಲ. ನಮ್ಮ ಹತ್ತಿರ ಅವರ ರಿಪೋರ್ಟ್ ಇದ್ದರೆ, ಅವರ ಹತ್ತಿರ ನಮ್ಮದು ಇರಬೇಕಲ್ಲ.

ಸೀದಾ ಲ್ಯಾಬಿಗೆ ಹೋದೆವು. ಅಪ್ಪ ರಕ್ತ ಕೊಟ್ಟ ದಿನ ಬೆಳಗ್ಗೆ ಇಬ್ಬರು ನಾರಾಯಣನ್ ಕೆ ಬಂದಿದ್ದಾರೆ, ಬಿಲ್ ನಂಬರಿನಲ್ಲಿ ಕೊನೆಯ ಅಂಕಿ ಮಾತ್ರ ವ್ಯತ್ಯಾಸ. ಮೊದಲು ಅವರು "ನಾವು ನೋಡಿ ಹೇಳ್ತೇವೆ, ನೀವು ಹೋಗಿ" ಅಂದರು. ಅಪ್ಪ ಕುರ್ಚಿಯಿಂದ ಏಳಲಿಲ್ಲ. ನಮಗೆ ಅವರ ನಂಬರ್ ಬೇಡ, ನೀವೇ ಫೋನ್ ಮಾಡಿ, ಈಗಲೇ ಮಾಡಿ ಅಂದರು. ಮಾಡಿದರು. ಆ ಮನೆಯಲ್ಲಿ ಕಿಡ್ನಿ ಸರಿಯಾಗಿದೆ ಅಂತ ನೆಮ್ಮದಿಯಾಗಿದ್ದರು. ಕಾಲು ಬಾತದ್ದು ವಯಸ್ಸಿನಿಂದ ಅಂದುಕೊಂಡಿದ್ದರು. ಮಂಡಿ ನೋವಿಗೆ ದಿನಾ ಎರಡು ನೋವಿನ ಮಾತ್ರೆ ನುಂಗ್ತಾ ಇದ್ದರು. ಕಿಡ್ನಿ ಸೋತವರಿಗೆ ಆ ನೋವಿನ ಮಾತ್ರೆಗಳೇ ಇನ್ನಷ್ಟು ಹಾನಿ ಮಾಡ್ತವೆ. ಮರುದಿನವೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆಮೇಲೆ ಅವರ ಮಗ ಲ್ಯಾಬಿನವರ ಮೂಲಕ ನಮ್ಮ ನಂಬರ್ ಕೇಳಿ ಪಡೆದು ಫೋನ್ ಮಾಡಿದ. ಸದ್ಯಕ್ಕೆ ಡಯಾಲಿಸಿಸ್ ಬೇಡವಂತೆ. ಇಬ್ಬರು ನಾರಾಯಣರೂ ಇಪ್ಪತ್ತು ನಿಮಿಷ ಮಾತಾಡಿದರು, ಹೆಚ್ಚೂಕಡಿಮೆ ಪೂರ್ತಿ ಅಡಿಕೆಯ ಕೊಳೆರೋಗದ ಬಗ್ಗೆ.

ಹೆಸರು ಹತ್ತಿರ ಹತ್ತಿರ ಇದ್ದರೆ ಏನಾಗ್ತದೆ ಅಂತ ನಮ್ಮ ಮಂಜೇಶ್ವರದವರಿಗೆ ಹೇಳಿಕೊಡಬೇಕಾಗಿಲ್ಲ. 2016ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿ ಬಿಜೆಪಿಯ ಕೆ. ಸುರೇಂದ್ರನ್ ಸೋತದ್ದು 89 ಮತದಿಂದ, ಅದೇ ಕಣದಲ್ಲಿದ್ದ ಕೆ. ಸುಂದರ ಅವರಿಗೆ ಬಿದ್ದದ್ದು 467. ಮತಯಂತ್ರದಲ್ಲಿ ಹೆಸರಿನ ಜೊತೆ ಅಭ್ಯರ್ಥಿಯ ಫೋಟೋ ಹಾಕಲು ಚುನಾವಣಾ ಆಯೋಗ 2015ರಲ್ಲೇ ಶುರು ಮಾಡಿತ್ತು, ಒಂದೇ ಹೆಸರಿನವರಿದ್ದರೆ ಗೊಂದಲ ಆಗಬಾರದು ಅಂತ. ರಕ್ತದ ಟ್ಯೂಬಿಗೆ ಯಾರೂ ಫೋಟೋ ಅಂಟಿಸುವುದಿಲ್ಲ. ಅದರ ಮೇಲಿರುವ ಸಣ್ಣ ಚೀಟಿಯೇ ಎಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಇದನ್ನು ಹೇಳಿದೆ. ರೋಗಿಯನ್ನು ಗುರುತಿಸಲು ಕಡಿಮೆ ಅಂದರೂ ಎರಡು ಗುರುತು ಬೇಕು, ಹೆಸರು ಮತ್ತು ಹುಟ್ಟಿದ ದಿನ ಇದ್ದ ಹಾಗೆ. ರೂಮ್ ನಂಬರ್ ಲೆಕ್ಕಕ್ಕಿಲ್ಲ. ಒಂದೇ ಹೆಸರಿನವರು ಬಂದರೆ ಏನು ಮಾಡಬೇಕು ಅಂತ ಆಸ್ಪತ್ರೆಯವರು ಮೊದಲೇ ನಿಗದಿ ಮಾಡಿಟ್ಟಿರಬೇಕು. ಅವರು ಮಾಡದಿದ್ದರೆ ನಾವೇ ಕೇಳಬೇಕು, ಬೇರೆ ದಾರಿ ಇಲ್ಲ. ಬಿಲ್ಲಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ, ರಿಪೋರ್ಟಿನ ನಂಬರ್, ವಯಸ್ಸು, ರಕ್ತ ಕೊಟ್ಟ ಸಮಯ ಮೂರನ್ನೂ ಕೌಂಟರಿನಲ್ಲೇ ನಿಂತು ತಾಳೆ ನೋಡಿ, ಹಿಂದೆ ಎಷ್ಟು ಜನ ಇದ್ದರೂ ಸರಿ.

ರಕ್ತ ಕೊಡುವಾಗಲೂ ಜೋಪಾನ. ಒಳಗಿಂದ "ನಾರಾಯಣನ್ ಆರಾ?" ಅಂತ ಕರೆದ ಕೂಡಲೇ ಕಿವಿ ಮಂದ ಇರುವ ಹಿರಿಯರು ತಮ್ಮನ್ನೇ ಅಂತ ಎದ್ದುಬಿಡ್ತಾರೆ. ಜೊತೆಗೆ ಒಬ್ಬರು ಹೋಗಿ, ಪೂರ್ತಿ ಹೆಸರು, ಮನೆ ಹೆಸರು, ವಯಸ್ಸು ನೀವೇ ಹೇಳಿ. ಚೀಟಿಯನ್ನು ನಿಮ್ಮ ಕಣ್ಣೆದುರೇ ಟ್ಯೂಬಿಗೆ ಅಂಟಿಸಲಿ. ಅಲ್ಲಿ ಅದಲುಬದಲಾದರೆ ರಿಪೋರ್ಟಿನಲ್ಲಿ ವಯಸ್ಸು, ನಂಬರ್ ಎಲ್ಲ ನಿಮ್ಮದೇ ಇರ್ತದೆ, ರಕ್ತ ಮಾತ್ರ ಬೇರೆಯವರದ್ದು, ಎಷ್ಟು ತಾಳೆ ನೋಡಿದರೂ ಗೊತ್ತಾಗುವುದಿಲ್ಲ. ಹಿಂದಿನ ಸಲಕ್ಕೂ ಈ ಸಲಕ್ಕೂ ಅಂಕಿ ತೀರಾ ದೂರ ಇದ್ದರೆ ಗಾಬರಿಯಾಗುವ ಮೊದಲು ಇನ್ನೊಂದು ಲ್ಯಾಬಿನಲ್ಲಿ ಮಾಡಿಸಿ ನೋಡಿ. ನಾವು ಮಾಡಿಸಿದ್ದರೆ ಎರಡನೇ ದಿನವೇ ಎರಡೂ ಮನೆಗೆ ವಿಷಯ ಗೊತ್ತಾಗ್ತಿತ್ತು.

ಇನ್ನೊಂದು. ತಪ್ಪು ರಿಪೋರ್ಟ್ ಹರಿದು ಹಾಕಿದರೆ ಮುಗಿಯುವುದಿಲ್ಲ, ಅದು ಹೋದ ಕಡೆಯಿಂದೆಲ್ಲ ತೆಗೆಸಬೇಕು. ಮಂಗಳೂರಿನ ಫೈಲಿನಲ್ಲಿ ಅದರ ಮೇಲೆ ಗೆರೆ ಎಳೆಸಿ ಡಾಕ್ಟರ ಸಹಿ ಹಾಕಿಸಿದ್ದೇವೆ. ಊರಿನ ಡಾಕ್ಟರ ಹತ್ತಿರ ಇನ್ನೂ ಒಂದು ಪ್ರತಿ ಇದೆ, ಸೋಮವಾರ ಅಪ್ಪನನ್ನು ಕರೆದುಕೊಂಡು ಹೋಗ್ತೇನೆ.