ರಿವರ್ಸ್ ರಿಂಗ್, ಟ್ಯೂಬ್, ಕ್ಲಿಪ್ ಲೆನ್ಸ್, ನಿಜವಾದ ಮ್ಯಾಕ್ರೋ: ನಾಲ್ಕೂ ನೋಡಾಯ್ತು

ಪುಟ್ಟ ಹುಳಗಳನ್ನ ತೀರಾ ಹತ್ರದಿಂದ ದೊಡ್ಡದಾಗಿ ತೆಗೆಯೋ ಮ್ಯಾಕ್ರೋ ಫೋಟೋಗೆ ಯಾವ ಸಾಮಾನು ಒಳ್ಳೇದು? ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ರೇನಾಕ್ಸ್ ಡಿಸಿಆರ್-250ಗೆ. ಟೆಲಿ ಜೂಮ್ ಲೆನ್ಸಿನ ಮೂತಿಗೆ ಕ್ಲಿಪ್ ಥರ ಕಚ್ಚಿಸೋ ಒಂದು ಪುಟಾಣಿ ಗಾಜು ಅಷ್ಟೇ ಅದು. ಆದ್ರೆ ಅಲ್ಲಿಗೆ ನೆಟ್ಟಗೆ ಹೋಗ್ಲಿಲ್ಲ ನಾನು, ಮೊದ್ಲು ಎಲ್ಲಕ್ಕಿಂತ ಅಗ್ಗದ್ದು ಅಂತ ರಿವರ್ಸ್ ರಿಂಗ್ ತಗೊಂಡು ಕೈ ಸುಟ್ಕೊಂಡೆ, ಆಮೇಲೆ ಎಕ್ಸ್‌ಟೆನ್ಷನ್ ಟ್ಯೂಬ್, ನಡುವೆ ಸ್ನೇಹಿತನ 100 ಎಂಎಂ ಮ್ಯಾಕ್ರೋ ಲೆನ್ಸ್ ಒಂದು ವಾರ ನನ್ನ ಹತ್ರಾನೇ ಇತ್ತು. ಹಾಗಾಗಿ ಇದು ಲ್ಯಾಬ್ ಟೆಸ್ಟ್ ಅಲ್ಲ, ಮೊಣಕಾಲಿಗೆ ಮಣ್ಣು ಮಾಡ್ಕೊಂಡು ಕಲ್ತಿದ್ದು.

ನನ್ನ ಅಭ್ಯಾಸ ಗೊತ್ತಿಲ್ದೆ ಹೋಲಿಕೆ ಓದಿ ಉಪಯೋಗ ಇಲ್ಲ, ಅದಕ್ಕೆ ಹೇಳ್ತೀನಿ. ನಾನು ತೆಗೆಯೋದು ಗಿಡದ ಮೇಲಿನ ಹುಳ ಹುಪ್ಪಟೆ, ಇರುವೆ, ಗಿಡಹೇನು, ಜೇಡ. ಟ್ರೈಪಾಡ್ ಇಡೋ ತಾಳ್ಮೆ ಇಲ್ಲ, ಕೈಯಲ್ಲೇ ಹಿಡ್ಕೊಂಡು. ರಜಾ ದಿನ ಬೆಳಿಗ್ಗೆ ಎರಡು ಗಂಟೆ ಸಿಕ್ರೆ ಹೆಚ್ಚು. ಕ್ಯಾಮೆರಾ ಹಳೇ ಕ್ರಾಪ್ ಸೆನ್ಸರ್ (ಅಂದ್ರೆ ಚಿಕ್ಕ ಸೆನ್ಸರಿನ) ಡಿಎಸ್‌ಎಲ್‌ಆರ್, ಅದರ ಜೊತೆ ಬಂದ 18-55 ಎಂಎಂ ಜೂಮ್ ಲೆನ್ಸ್, ಒಂದು 50 ಎಂಎಂ, ಮೂಲೆಲಿ ಧೂಳು ಹಿಡೀತಿದ್ದ ಒಂದು 55-200 ಟೆಲಿ ಜೂಮ್.

ರಿವರ್ಸ್ ರಿಂಗ್ ಅಂದ್ರೆ ಒಂದ್ಕಡೆ ಫಿಲ್ಟರ್ ಥ್ರೆಡ್, ಇನ್ನೊಂದ್ಕಡೆ ಕ್ಯಾಮೆರಾ ಮೌಂಟ್ ಇರೋ ಲೋಹದ ಬಳೆ. ಲೆನ್ಸನ್ನ ಹಿಂದುಮುಂದು ಮಾಡಿ ಬಾಡಿಗೆ ಸಿಕ್ಕಿಸೋದು. ಎಲ್ಲಾ ಉಲ್ಟಾ ಆಗೋದ್ರಿಂದ ಜೂಮೂ ಉಲ್ಟಾ, 55ರಲ್ಲಿ ಕಮ್ಮಿ ದೊಡ್ಡದಾಗುತ್ತೆ, 18ಕ್ಕೆ ತಿರುಗಿಸಿದ್ರೆ ಇರುವೆ ತಲೆ ಫ್ರೇಮ್ ತುಂಬ ಬಂದು ಕೂತ್ಕೊಳ್ಳುತ್ತೆ. ಮೊದಲ ದಿನ ಅದನ್ನ ನೋಡಿ ನಾನು ಕುಣಿದಾಡಿದ್ದು ನಿಜ.

ಗೋಳು ಶುರುವಾಗಿದ್ದು ಅಪರ್ಚರ್, ಅಂದ್ರೆ ಲೆನ್ಸೊಳಗೆ ಬೆಳಕು ಬಿಡೋ ಕಿಂಡಿಯ ವಿಷಯದಲ್ಲಿ. ನನ್ನ 18-55ರಲ್ಲಿ ಅಪರ್ಚರ್ ರಿಂಗ್ ಇಲ್ಲ, ಹಿಂಭಾಗದಲ್ಲಿ ಒಂದು ಚಿಕ್ಕ ಲಿವರ್ ಇದೆ, ಬಾಡಿ ಅದನ್ನ ತಳ್ಳಿ ತೆರೆದಿಟ್ಕೊಂಡಿರುತ್ತೆ. ಲೆನ್ಸ್ ಬಿಚ್ಚಿದ ತಕ್ಷಣ ಸ್ಪ್ರಿಂಗ್ ಎಳೆದು ಬ್ಲೇಡುಗಳು ಪೂರ್ತಿ ಮುಚ್ಕೊಳ್ತವೆ. ಅಂದ್ರೆ ತಿರುಗಿಸಿ ಹಾಕಿದಾಗ ಲೆನ್ಸ್ ಯಾವಾಗ್ಲೂ ಸೂಜಿ ರಂಧ್ರದಲ್ಲಿ, ವ್ಯೂಫೈಂಡರ್ ಒಳಗೆ ಅಮಾವಾಸ್ಯೆ. ಎಲ್ಲಿದೆ ಇರುವೆ, ಎಲ್ಲಿದೆ ಎಲೆ, ಒಂದೂ ಗೊತ್ತಾಗಲ್ಲ.

ಸರಿ, ಲಿವರನ್ನ ಎಡಗೈ ಬೆರಳಲ್ಲಿ ಎಳೆದು ಹಿಡ್ಕೊಂಡೆ. ಬೆಳಕು ಬಂತು. ಆದ್ರೆ ಪೂರ್ತಿ ತೆರೆದ್ರೆ ಇರುವೆಯ ಒಂದು ಮೀಸೆ ಮಾತ್ರ ಶಾರ್ಪು, ಉಳಿದಿದ್ದೆಲ್ಲ ಹೊಗೆ. ಹಾಗಂತ ಫೋಕಸ್ ಮಾಡಿ ಆಮೇಲೆ ಬೆರಳು ಸಡಿಲ ಬಿಟ್ರೆ ಲೆನ್ಸೇ ಒಂದು ಮಿಲಿಮೀಟರ್ ಅಲ್ಲಾಡುತ್ತೆ, ಅಲ್ಲಿಗೆ ಫೋಕಸ್ ಹೋಯ್ತು, ಯಾಕಂದ್ರೆ 1:1ರಲ್ಲಿ (ಹುಳ ತನ್ನ ನಿಜವಾದ ಅಳತೆಯಲ್ಲೇ ಸೆನ್ಸರ್ ಮೇಲೆ ಬೀಳೋದು) ಅಪರ್ಚರ್ ಎಫ್/8 (ನಂಬರ್ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಇಟ್ರೂ ಶಾರ್ಪ್ ಬರೋ ಆಳ ಸುಮಾರು ಅರ್ಧ ಮಿಲಿಮೀಟರ್ ಚಿಲ್ಲರೆ ಅಷ್ಟೇ, ನಮ್ಮ ಉಸಿರಾಟಕ್ಕೇ ಅದಕ್ಕಿಂತ ಜಾಸ್ತಿ ಅಲ್ಲಾಡ್ತೀವಿ.

ಮುಂದಿನ ವಾರ ರಟ್ಟಿನ ಚೂರು ಮಡಚಿ ಲಿವರ್ ಸಂದಿಗೆ ತುರುಕಿದೆ. ಎರಡು ಮಡಿಕೆ ಹಾಕಿದ್ರೆ ಜಾಸ್ತಿ ತೆರೆಯುತ್ತೆ, ಒಂದಕ್ಕೆ ಕಮ್ಮಿ. ಇದು ಎಫ್/8 ಇರಬಹುದು ಅಂತ ನಾನೇ ನಾಮಕರಣ ಮಾಡ್ದೆ. ಬಾಡಿಗೋ ಲೆನ್ಸ್ ಸಿಕ್ಕಿಸಿರೋದೇ ಗೊತ್ತಿಲ್ಲ, ಬೆಳಕು ಅಳೆಯೋ ಮೀಟರ್ ಇಲ್ಲ, ಎಲ್ಲಾ ನಾವೇ ಇಡಬೇಕಾದ ಎಂ ಮೋಡ್ ಬಿಟ್ರೆ ಬೇರೆ ಯಾವುದ್ರಲ್ಲೂ ಕ್ಲಿಕ್ ಆಗಲ್ಲ, ಸೋ ಪ್ರತಿ ಫೋಟೋಗೂ ತೆಗಿ, ನೋಡು, ಶಟರ್ ಬದಲಾಯಿಸು, ಮತ್ತೆ ತೆಗಿ. ಅಷ್ಟೊತ್ತಿಗೆ ಇರುವೆ ಮೂರು ಎಲೆ ದಾಟಿರುತ್ತೆ. ಒಂದಿನ ರಟ್ಟು ಜಾರಿ ಬಿತ್ತು, ಹುಡುಕೋಕೆ ಬಗ್ಗಿದಾಗ ಇಬ್ಬನಿ ಕೂತಿದ್ದ ಎಲೆ ನೇರವಾಗಿ ಲೆನ್ಸಿನ ಹಿಂದಿನ ಗಾಜಿಗೇ ಒರೆಸ್ಕೊಂಡು ಹೋಯ್ತು. ಯಾವಾಗ್ಲೂ ಬಾಡಿ ಒಳಗೆ ಬೆಚ್ಚಗಿರಬೇಕಾದ ಭಾಗ ಅದು, ರಿವರ್ಸ್ ಹಾಕಿದಾಗ ಅದೇ ಮುಂದೆ. ಒರೆಸೋವಾಗ ಎರಡು ಗೀರು ಬಿದ್ವು, ತಪ್ಪು ನಂದೇ.

ಕ್ಯಾನನ್ ಇಎಫ್ ಲೆನ್ಸ್ ಇರೋರಿಗೆ ಕಥೆ ಬೇರೆ, ಅಲ್ಲಿ ಅಪರ್ಚರ್ ಕರೆಂಟಲ್ಲಿ ನಡೆಯೋದು, ಬಿಚ್ಚಿದಾಗ ಸಾಮಾನ್ಯವಾಗಿ ಪೂರ್ತಿ ತೆರೆದೇ ಇರುತ್ತೆ, ಬೇಕಾದ ನಂಬರ್ ಇಟ್ಟು ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಬಟನ್ ಒತ್ತಿ ಹಿಡ್ಕೊಂಡೇ ಲೆನ್ಸ್ ಕಳಚಿದ್ರೆ ಅದೇ ಅಪರ್ಚರಲ್ಲಿ ನಿಂತ್ಬಿಡುತ್ತೆ. ಹಳೇ ಕಾಲದ ಅಪರ್ಚರ್ ರಿಂಗ್ ಇರೋ ಲೆನ್ಸಾದ್ರೆ ಅದೂ ಬೇಡ, ರಿಂಗ್ ತಿರುಗಿಸಿದ್ರೆ ಮುಗೀತು. ಅಂಥ ಲೆನ್ಸ್ ಮನೇಲಿದ್ರೆ ನನ್ನ ಈ ಗೋಳಿನಲ್ಲಿ ಮುಕ್ಕಾಲು ಭಾಗ ನಿಮಗೆ ಲೆಕ್ಕಕ್ಕಿಲ್ಲ.

ಆದ್ರೂ ದೂರದ ಸಮಸ್ಯೆ ಯಾರಿಗೂ ತಪ್ಪಲ್ಲ. ರಿವರ್ಸ್ ಮಾಡಿದ ಲೆನ್ಸಿಗೂ ಹುಳಕ್ಕೂ ನಡುವೆ ಉಳಿಯೋ ಜಾಗ ಹೆಚ್ಚೂಕಮ್ಮಿ ಆ ಮೌಂಟಿನ ಫ್ಲಾಂಜ್ ದೂರದಷ್ಟೇ (ಮೌಂಟಿಂದ ಸೆನ್ಸರಿಗಿರೋ ದೂರ), ನಿಕಾನ್ ಎಫ್‌ಗೆ 46.5 ಮಿಲಿಮೀಟರ್, ಕ್ಯಾನನ್ ಇಎಫ್‌ಗೆ 44. ನಾಲ್ಕೂವರೆ ಸೆಂಟಿಮೀಟರ್ ಹತ್ರಕ್ಕೆ ದೊಡ್ಡ ಕರೀ ಡಬ್ಬ ಬಂದ್ರೆ ಯಾವ ಜೇಡ ಕೂತಿರುತ್ತೆ ಹೇಳಿ. ಫ್ಲಾಶ್ ಹಾಕಿದ್ರೂ ಲೆನ್ಸಿನ ನೆರಳೇ ಹುಳದ ಮೇಲೆ ಬೀಳುತ್ತೆ.

ಟ್ಯೂಬ್ ಇದಕ್ಕಿಂತ ಸಭ್ಯ. ಒಳಗೆ ಗಾಜೇ ಇಲ್ಲ, ಬರೀ ಟೊಳ್ಳು, ಲೆನ್ಸನ್ನ ಸೆನ್ಸರಿಂದ ದೂರ ತಳ್ಳುತ್ತೆ. ಲೆಕ್ಕ ಸುಲಭ, ಟ್ಯೂಬಿನ ಉದ್ದವನ್ನ ಫೋಕಲ್ ಲೆಂತಿಂದ (ಲೆನ್ಸ್ ಮೇಲೆ ಬರೆದಿರೋ ಎಂಎಂ) ಭಾಗಿಸಿ, ಅಷ್ಟು ಪಟ್ಟು ಹೆಚ್ಚುವರಿ ಸಿಗುತ್ತೆ. 50ರ ಹಿಂದೆ 36ರ ಟ್ಯೂಬ್ ಹಾಕಿದ್ರೆ 0.72, ಲೆನ್ಸಿಂದೇ ಸ್ವಲ್ಪ ಸೇರಿ 1:1ರ ಹತ್ರ ಹತ್ರ. 12, 20, 36 ಮೂರನ್ನೂ ಜೋಡಿಸಿದ್ರೆ 1:1 ದಾಟುತ್ತೆ. ತಗೊಂಡ್ರೆ ಚಿನ್ನದ ಬಣ್ಣದ ಕಾಂಟ್ಯಾಕ್ಟ್ ಇರೋ ಟ್ಯೂಬೇ ತಗೊಳ್ಳಿ, ಇಲ್ಲಾಂದ್ರೆ ಮತ್ತೆ ರಟ್ಟಿನ ಕಥೆ.

ಟ್ಯೂಬಲ್ಲಿ ನಂಗೆ ಬೇಜಾರಾಗಿದ್ದು ಎರಡು. ಬೆಳಕು ತಿನ್ನುತ್ತೆ, 1:1 ಹೊತ್ತಿಗೆ ಎರಡು ಸ್ಟಾಪ್ ಹೋಗಿರುತ್ತೆ, ಅಂದ್ರೆ ಕಾಲು ಭಾಗ ಬೆಳಕಷ್ಟೇ ಉಳಿಯುತ್ತೆ, ಎಫ್/8 ಇಟ್ರೆ ಎಫ್/16ರ ಕತ್ತಲು. ಇನ್ನೊಂದು, ಹಾಕಬೇಕಂದ್ರೂ ತೆಗೀಬೇಕಂದ್ರೂ ಲೆನ್ಸ್ ಬಿಚ್ಚಲೇಬೇಕು, ಗಿಡದ ಬುಡದಲ್ಲಿ ಕೂತು ಸೆನ್ಸರ್ ಬಾಯಿ ತೆರೆದಿಟ್ಟು ಬೆನ್ನಲ್ಲೇ ಗಾಳಿ ಬೀಸಿದ್ರೆ ಆಮೇಲೆ ಎಡಿಟಿಂಗಲ್ಲಿ ಧೂಳಿನ ಚುಕ್ಕೆ ಒರೆಸ್ತಾ ಕೂರ್ಬೇಕು. ನನ್ನ ಒಂದು ಚಿಟ್ಟೆ ಫೋಟೋಲಿ ಹನ್ನೊಂದು ಚುಕ್ಕೆ ಎಣಿಸಿದೀನಿ.

ಪ್ಲಸ್ ಒಂದು, ಎರಡು, ನಾಲ್ಕು, ಹತ್ತು ಅಂತ ಸೆಟ್ಟಾಗಿ ಬರೋ, ಲೆನ್ಸ್ ಮುಂದೆ ತಿರುಗಿಸಿ ಹಾಕೋ ಅಗ್ಗದ ಕ್ಲೋಸಪ್ ಫಿಲ್ಟರ್? ಅಂಚಲ್ಲಿ ನೇರಳೆ ಹಸಿರು ಗೆರೆ, ಒಂದರ ಮೇಲೊಂದು ಹಾಕಿದ್ರೆ ಮಂಜು. ಬೇಡ.

ಈಗ ನನ್ನ ಮೆಚ್ಚಿನದು. ಡಿಸಿಆರ್-250 ಕೂಡ ಕ್ಲೋಸಪ್ ಲೆನ್ಸೇ, ಶಕ್ತಿ 8 ಡಯಾಪ್ಟರ್ (ಕನ್ನಡಕದ ಪವರ್ ಹೇಳೋ ಅಳತೆಯೇ), ಆದ್ರೆ ಒಂದೇ ಗಾಜಲ್ಲ, ಬಣ್ಣ ಸೋರದ ಹಾಗೆ ಮೂರು ಗಾಜು ಸೇರಿಸಿ ಮಾಡಿರೋದು. 52ರಿಂದ 67 ಎಂಎಂ ಫಿಲ್ಟರ್ ಥ್ರೆಡ್ ಇರೋ ಯಾವ ಲೆನ್ಸಿಗಾದ್ರೂ ಅದರ ಕ್ಲಿಪ್ ಕಚ್ಚುತ್ತೆ. ಟೆಲಿ ಲೆನ್ಸ್ ಎಷ್ಟು ಉದ್ದವೋ ಅಷ್ಟು ದೊಡ್ಡದಾಗಿ ಬರುತ್ತೆ. ನನ್ನ 55-200ನ 200ಕ್ಕೆ ಎಳೆದು ಸ್ಟೀಲ್ ಸ್ಕೇಲಿನ ಫೋಟೋ ತೆಗ್ದೆ, ಅಡ್ಡಕ್ಕೆ 15 ಮಿಲಿಮೀಟರ್ ಗೆರೆ ಬಂತು, ಸೆನ್ಸರ್ ಅಗಲ 23.5 ಅಂದ್ರೆ 1.6 ಪಟ್ಟು. ಮೂಲೆಲಿ ಧೂಳು ಹಿಡೀತಿದ್ದ ಲೆನ್ಸು ಸ್ವಾಮಿ.

ಹುಳಕ್ಕೂ ಲೆನ್ಸಿಗೂ ನಡುವೆ ಸುಮಾರು 12 ಸೆಂಟಿಮೀಟರ್ ದೂರ ಸಿಗುತ್ತೆ, ಇದೇ ಅದರ ದೊಡ್ಡ ಗುಣ. ಅಷ್ಟು ಜಾಗ ಇದ್ರೆ ಬಾಡಿ ಮೇಲಿನ ಪುಟ್ಟ ಫ್ಲಾಶಿಗೂ ಬಿಳಿ ಹಾಳೆ ಅಡ್ಡ ಕಟ್ಟಿ ಬೆಳಕು ತಲುಪಿಸಬಹುದು. ಬೆಳಕೂ ಟ್ಯೂಬಿನ ಹಾಗೆ ತಿನ್ನಲ್ಲ. ಅಪರ್ಚರ್, ಮೀಟರ್, ಫ್ಲಾಶ್ ಎಲ್ಲ ಮಾಮೂಲಿ ಥರ ಕೆಲಸ ಮಾಡ್ತವೆ. ಆಟೋಫೋಕಸ್ ಆಫ್ ಮಾಡಿ, ಎಡಗೈಲಿ ಹುಳ ಕೂತಿರೋ ಕಡ್ಡಿ ಹಿಡ್ಕೊಂಡು ಅದೇ ಕೈ ಮೇಲೆ ಲೆನ್ಸ್ ಊರಿ, ಮೈ ಒಂಚೂರು ಹಿಂದೆ ಮುಂದೆ ತೂಗಿದ್ರೆ ಸಾಕು, ಕಣ್ಣು ಶಾರ್ಪ್ ಆದ ಕ್ಷಣ ಕ್ಲಿಕ್. ಹಾಗೆ ತೆಗೆದ ಒಂದು ಹಾರೋ ಜೇಡ ಇದೆ, ಲೆನ್ಸ್ ಕಡೆ ಗಕ್ಕನೆ ತಿರುಗ್ತು, ಎಂಟು ಕಣ್ಣಲ್ಲಿ ಮುಂದಿನ ನಾಲ್ಕೂ ನನ್ನ ಕಡೆ, ನಡುವಿನ ಎರಡು ದೊಡ್ಡ ಕಣ್ಣೊಳಗೆ ನಾನು ಕಟ್ಟಿದ್ದ ಬಿಳಿ ಹಾಳೆಯ ಚೌಕ ಹಾಗೇ ಕಾಣ್ತಿತ್ತು. ಹಾಳೆಯ ಒಂದು ಮೂಲೆ ಹರಿದಿದ್ದೂ ಸಹ.

ಹುಳುಕಿಲ್ವಾ ಅಂದ್ರೆ ಇದೆ. ಜೂಮ್ ಕಮ್ಮಿ ಮಾಡಿದ್ರೆ ಮೂಲೆಗಳು ಕಪ್ಪಾಗ್ತವೆ. ಹಾಕ್ಕೊಂಡಿದ್ದಷ್ಟೂ ಹೊತ್ತು ದೂರದ್ದೇನೂ ಫೋಕಸ್ ಆಗಲ್ಲ, ಹಕ್ಕಿ ಬಂದ್ರೆ ತೆಗೀಬೇಕು, ಆದ್ರೆ ತೆಗೆಯೋದು ಎರಡು ಬೆರಳಿನ ಕೆಲಸ. ಅಂಚಲ್ಲಿ ಶಾರ್ಪ್‌ನೆಸ್ ಸ್ವಲ್ಪ ಕಮ್ಮಿ, ನಂಗೆ ಹುಳ ನಡುವೇ ಇರೋದ್ರಿಂದ ತಲೆ ಕೆಡಿಸ್ಕೊಂಡಿಲ್ಲ.

100 ಎಂಎಂ ಮ್ಯಾಕ್ರೋ ಚೆನ್ನಾಗಿಲ್ಲ ಅಂದ್ರೆ ಬಾಯಲ್ಲಿ ಹುಳ ಬೀಳುತ್ತೆ. ದೂರದ ಬೆಟ್ಟದಿಂದ 1:1ವರೆಗೆ ಏನೂ ಬಿಚ್ಚದೆ ಕಟ್ಟದೆ ಹೋಗುತ್ತೆ, ಮೂಲೆಯಿಂದ ಮೂಲೆಗೆ ಬ್ಲೇಡಿನಂಥ ಶಾರ್ಪು. ಹೂವು, ಒಡವೆ, ನಾಣ್ಯ ತೆಗೆಯೋರು ಕಣ್ಣು ಮುಚ್ಕೊಂಡು ಅದನ್ನೇ ತಗೊಳ್ಳಿ. ಆದ್ರೆ 1:1ಕ್ಕೇ ನಿಂತ್ಬಿಡುತ್ತೆ, ಗಿಡಹೇನಿಗೆ ಅದು ಸಾಲಲ್ಲ. ಮತ್ತೆ ತಿಂಗಳಿಗೆ ನಾಲ್ಕು ಬೆಳಿಗ್ಗೆ ಹೊರಗೆ ಹೋಗೋ ನಾನು ಇಡೀ ಕ್ಯಾಮೆರಾಗಿಂತ ಜಾಸ್ತಿ ದುಡ್ಡು ಒಂದು ಲೆನ್ಸಿಗೆ ಸುರಿದ್ರೆ ನನ್ನ ಮನಸ್ಸೇ ಒಪ್ಪಲ್ಲ.

ರಿವರ್ಸ್ ರಿಂಗ್ ಇನ್ನೂ ಬ್ಯಾಗಲ್ಲಿದೆ, ರಟ್ಟಿನ ಚೂರಿನ ಸಮೇತ. ಇನ್ನು ಸ್ನೇಹಿತ, ತನ್ನ 100 ವಾಪಸ್ ಇಸ್ಕೊಳ್ಳೋಕೆ ಬಂದೋನು ನನ್ನ ರೇನಾಕ್ಸನ್ನ ಅದರ ಮುಂದೆ ಕಚ್ಚಿಸಿ ನೋಡ್ದ, ಇರುವೆ ಮುಖ ನೋಡಿ ಸುಮ್ನಾದ, ಎರಡು ದಿನಕ್ಕೆ ಅಂತ ತಗೊಂಡ್ಹೋದ. ಮೂರು ವಾರ ಆಯ್ತು, ಫೋನ್ ಎತ್ತುತಿಲ್ಲ.