ಕನ್ನಡ ಚಾನೆಲ್ ಮಾತ್ರ ಒಡೆಯುತ್ತಿತ್ತು: ನಮ್ಮ ಮನೆಯ ಡಿಶ್, ಏಳು ವರ್ಷದ ಬಳಕೆ

"ಮಗಾ, ಮಲಯಾಳ ಚಂದ ಬರ್ತದೆ. ನಮ್ಮ ಕನ್ನಡ ಮಾತ್ರ ಯಾಕೆ ಹೀಗೆ?"

2022ರ ಜುಲೈಯಲ್ಲಿ ಅಮ್ಮ ಕೇಳಿದ ಪ್ರಶ್ನೆ ಇದು. ಉತ್ತರ ಸಿಗುವಾಗ ನವೆಂಬರ್ ಆಗಿತ್ತು. ಪ್ಯಾಕು, ಬಾಕ್ಸು, ರಿಮೋಟಿನ ವಿವರ ಎಲ್ಲ ಕಡೆ ಸಿಗುತ್ತದೆ. ನಾನು ಹೇಳಬೇಕಾದ್ದು ಆ ಐದು ತಿಂಗಳ ಕಥೆ.

ನಮ್ಮ ಮನೆ ಕಾಸರಗೋಡಿನ ನೀರ್ಚಾಲಿನ ಹತ್ತಿರ, ತೋಟದ ನಡುವೆ. 2018ರಲ್ಲಿ ಡಿಶ್ ಹಾಕಿಸಿದ್ದೇ ಕನ್ನಡಕ್ಕಾಗಿ. ಆಗ ಇಲ್ಲಿ ಏನು ತೆಗೆದುಕೊಂಡರೂ ಮೊದಲು ಕೇರಳದ ಪ್ಯಾಕ್ ಕೊಡುತ್ತಿದ್ದರು, ಕನ್ನಡ ಬೇಕಾದರೆ ಅದರ ಮೇಲೆ ಬೇರೆ ದುಡ್ಡು. 2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, ನಿಯಮ ಬದಲಾಯಿತು. 130 ರೂಪಾಯಿ ಮತ್ತು ತೆರಿಗೆ ಕೊಟ್ಟು, ಆಮೇಲೆ ಬೇಕಾದ ಚಾನೆಲ್ ಒಂದೊಂದಾಗಿ ಆರಿಸಿಕೊಳ್ಳಬಹುದು ಎಂದಾಯಿತು. ಅವತ್ತು ರಾತ್ರಿ ಅಮ್ಮನೂ ನಾನೂ ಪಟ್ಟಿ ಹಿಡಿದು ಕೂತು ಆರಿಸಿದ ಖುಷಿ ಈಗಲೂ ನೆನಪಿದೆ.

ಸಂಜೆ ದೇವರಿಗೆ ದೀಪ ಇಟ್ಟ ಮೇಲೆ ಅಮ್ಮ ಟೀವಿ ಮುಂದೆ ಬರುತ್ತಾರೆ. ಮಳೆಗಾಲವಾದರೆ ಮಡಿಲಲ್ಲಿ ಹಲಸಿನ ಬೀಜದ ಬುಟ್ಟಿ. ಕಣ್ಣು ವಾರ್ತೆಯ ಮೇಲೆ, ಕೈ ಬೀಜದ ಸಿಪ್ಪೆಯ ಮೇಲೆ. ರಿಮೋಟಿಗೆ ಹಾಕಿದ ಪ್ಲಾಸ್ಟಿಕ್ ಕವರನ್ನು ಸೆರಗಿನಲ್ಲಿ ಒಮ್ಮೆ ಒರೆಸಿಯೇ ಗುಂಡಿ ಒತ್ತುವುದು. ಅವರ ದಿನದಲ್ಲಿ ಕೂತು ಕಳೆಯುವ ಹೊತ್ತು ಅದೊಂದೇ.

ಆ ಹೊತ್ತಿಗೇ ಸರಿಯಾಗಿ ಚಿತ್ರ ಚೌಕ ಚೌಕವಾಗಿ ಒಡೆಯಲು ಶುರುವಾಯಿತು. ವಾರ್ತೆ ಓದುವವರ ಬಾಯಿ ಒಂದು ಕಡೆ, ಹಣೆ ಇನ್ನೊಂದು ಕಡೆ. ಸ್ವರ ತುಂಡು ತುಂಡು. ಆಮೇಲೆ ಪರದೆ ಕಪ್ಪು. ಹಿಂದಿನ ಆಂಟೆನಾ ಕಾಲದಲ್ಲಿ ಸಿಗ್ನಲ್ ಕಮ್ಮಿಯಾದರೆ ಚುಕ್ಕಿ ಚುಕ್ಕಿಯಾಗಿಯಾದರೂ ಕಾಣುತ್ತಿತ್ತು. ಡಿಜಿಟಲ್ ಹಾಗಲ್ಲ. ಸಣ್ಣಪುಟ್ಟ ತಪ್ಪನ್ನು ಬಾಕ್ಸೇ ತಿದ್ದಿಕೊಳ್ಳುತ್ತದೆ. ಅದರ ಕೈ ಮೀರಿತೋ, ಒಮ್ಮೆಲೇ ಎಲ್ಲ ಹೋಗುತ್ತದೆ.

ಸಹಾಯವಾಣಿಗೆ ಎಷ್ಟು ಸಲ ಫೋನ್ ಮಾಡಿದೆನೋ ಲೆಕ್ಕವಿಲ್ಲ. ಬಾಕ್ಸ್ ಆಫ್ ಮಾಡಿ ಆನ್ ಮಾಡಿ ಎಂಬ ಒಂದೇ ಮಾತು. ಮೊದಲು ಬಂದ ಟೆಕ್ನೀಶಿಯನ್ ಬಾಕ್ಸ್ ಬದಲಿಸಿ ದುಡ್ಡು ತೆಗೆದುಕೊಂಡು ಹೋದರು. ಎರಡು ದಿನ ಸರಿ ಇತ್ತು, ಮಳೆ ಬಂತು, ಮತ್ತೆ ಅದೇ. ಎರಡನೆಯವರು ಡಿಶ್ ಎದುರಿನ ನಾಲ್ಕು ಅಡಿಕೆ ಮರ ಕಡಿಯಿರಿ ಎಂದರು. ಫಲ ಕೊಡುವ ಮರ! ನನಗೆ ನಿಜವಾಗಿ ಸಿಟ್ಟು ಬಂದದ್ದು ಆಗ. ಆಮೇಲೆ ತಿಳಿಯಿತು, ಈ ಡಿಶ್ ಮುಖ ಮಾಡಿದಂತೆ ಕಾಣುವ ಕಡೆಗೆ ಅದರ ನೋಟ ಇರುವುದಿಲ್ಲ. ಎಲ್‌ಎನ್‌ಬಿ, ಅಂದರೆ ಡಿಶ್ ಎದುರು ಕೋಲಿನ ತುದಿಯಲ್ಲಿ ಕೂತು ಅಲೆ ಹಿಡಿಯುವ ಸಣ್ಣ ಡಬ್ಬಿ, ಕೆಳಗಿನ ಬದಿಯಿಂದ ಚಾಚಿಕೊಂಡಿರುವುದರಿಂದ ಅದು ನೋಡುವುದು ಇನ್ನೂ ಎಷ್ಟೋ ಮೇಲಕ್ಕೆ. ನಮ್ಮ ಮರಗಳು ದಾರಿಗೆ ಅಡ್ಡವೇ ಇರಲಿಲ್ಲ. ಕಡಿದಿದ್ದರೆ?

ಕೊನೆಗೆ ಬದಿಯಡ್ಕದ ರಿಪೇರಿ ಅಂಗಡಿಯ ಹುಡುಗನೊಬ್ಬ ಬಂದ. ಅವನು ಕೇಳಿದ ಮೊದಲ ಪ್ರಶ್ನೆಯೇ ಬೇರೆ: "ಅಣ್ಣಾ, ಎಲ್ಲಾ ಚಾನೆಲ್ ಒಡೀತದಾ, ಕೆಲವು ಮಾತ್ರವಾ?"

ಕೆಲವು ಮಾತ್ರ ಎಂದೆ. ಅವನು ನೇರ ಕೇಬಲ್ ಹೋದ ದಾರಿ ಹಿಡಿದು ಹೊರಗೆ ಹೋದ. ಮಾಡಿನ ಅಂಚಿನಲ್ಲಿ ಒಂದು ಜಾಯಿಂಟ್ ಇತ್ತು. ಹಾಕಿಸಿದ ದಿನ ಕೇಬಲ್ ಸಾಲದೆ ಸೇರಿಸಿದ್ದು. ಕಪ್ಪು ಟೇಪ್ ಬಿಚ್ಚಿದಾಗ ಒಳಗಿಂದ ನೀರು ತೊಟ್ಟಿಕ್ಕಿತು. ಕನೆಕ್ಟರ್ ಒಳಗೆಲ್ಲ ಹಸಿರು ಕಿಲುಬು. ನಡುವಿನ ತಂತಿಯ ಮೇಲಿನ ತಾಮ್ರ ಹೋಗಿ ಒಳಗಿನ ಉಕ್ಕು ತುಕ್ಕು ಹಿಡಿದಿತ್ತು. ಬೆರಳಲ್ಲಿ ಮುಟ್ಟಿದರೆ ಪುಡಿ.

ಅಮ್ಮನ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು. ಚಿತ್ರ ಇಳಿದು ಬರುವ ಅದೇ ಕೇಬಲಿನಲ್ಲಿ ಬಾಕ್ಸಿನಿಂದ ಎಲ್‌ಎನ್‌ಬಿಗೆ ಕರೆಂಟು ಹತ್ತುತ್ತದೆ. ಕೆಲವು ಚಾನೆಲಿನ ಅಲೆ ಲಂಬ, ಕೆಲವದ್ದು ಅಡ್ಡ. 13 ವೋಲ್ಟ್ ಕಳಿಸಿದರೆ ಎಲ್‌ಎನ್‌ಬಿ ಲಂಬದ್ದನ್ನು ಹಿಡಿಯುತ್ತದೆ, 18 ಕಳಿಸಿದರೆ ಅಡ್ಡದ್ದನ್ನು. ಕಿಲುಬು ಹಿಡಿದ ಜಾಯಿಂಟಿನಲ್ಲಿ ವೋಲ್ಟೇಜ್ ಇಳಿದು, 18 ಹೊರಟದ್ದು ಆಚೆ ಬದಿಯಲ್ಲಿ 15ರ ಹತ್ತಿರ ಇತ್ತು. ಹುಡುಗ ಮೀಟರ್ ಹಿಡಿದು ತೋರಿಸಿದ. ಎಲ್‌ಎನ್‌ಬಿಗೆ ಯಾವುದೆಂದು ತಿಳಿಯದೆ ಅತ್ತ ಇತ್ತ ಹಾರುತ್ತಿತ್ತು. ಅಮ್ಮ ನೋಡುವ ಎರಡೂ ಕನ್ನಡ ಚಾನೆಲ್ ಅಡ್ಡದ ಗುಂಪಿನವು, ಮಲಯಾಳ ವಾರ್ತೆ ಲಂಬದ್ದು. ಮೊದಲು ಬಂದವರಿಬ್ಬರೂ ಮಲಯಾಳ ಚಾನೆಲ್ ಹಾಕಿಯೇ "ಸಿಗ್ನಲ್ ಫುಲ್ ಇದೆ" ಎಂದಿದ್ದರು. ಒಡೆಯುವ ಚಾನೆಲ್ ಹಾಕಿ, ಪರದೆಯಲ್ಲಿ ಸಿಗ್ನಲಿನ ಗುಣಮಟ್ಟ ತೋರಿಸುವ ಕ್ವಾಲಿಟಿ ಪಟ್ಟಿ ನೋಡಬೇಕಿತ್ತು.

ಜಾಯಿಂಟೇ ಇಲ್ಲದಂತೆ ಹೊಸ ಕೇಬಲ್, ತುದಿಗೆರಡು ಕನೆಕ್ಟರ್, ಅವನ ಕೂಲಿ, ಎಲ್ಲ ಸೇರಿ 900 ರೂಪಾಯಿ. ಬಾಕ್ಸಿಗೆ ಸುಮ್ನೆ ಸುರಿದದ್ದಕ್ಕಿಂತ ಕಮ್ಮಿ. ಎಲ್‌ಎನ್‌ಬಿ ಹತ್ತಿರ ಕೇಬಲನ್ನು ಒಂದು ಸುತ್ತು ಕೆಳಕ್ಕೆ ಇಳಿಬಿಟ್ಟ. ಮಳೆನೀರು ಕನೆಕ್ಟರಿಗೆ ಹರಿಯದೆ ಆ ಬಾಗಿನಲ್ಲೇ ತೊಟ್ಟಿಕ್ಕಲಿ ಎಂದು.

ಅಲ್ಲಿಂದ ಮೂರು ಮಳೆಗಾಲ ಕಳೆಯಿತು. ಪ್ರತಿ ಮೇ ಕೊನೆಗೆ ಏಣಿ ಇಟ್ಟು ಹತ್ತಿ ಕನೆಕ್ಟರ್ ಒಣಗಿದೆಯಾ ನೋಡುತ್ತೇನೆ, ಟೇಪ್ ಹೊಸತು ಸುತ್ತುತ್ತೇನೆ. ಸಹಾಯವಾಣಿಯ ಮೇಲಿನ ಬೇಸರ ಹೋಗಿಲ್ಲ, ಅದಕ್ಕೆ ಐದರಲ್ಲಿ ಒಂದೇ ನಕ್ಷತ್ರ. ಚಿತ್ರಕ್ಕೆ ನಾಲ್ಕು ಕೊಡುತ್ತೇನೆ. ನಮ್ಮ ಟೀವಿ ಹಳೆಯದು, ಎಚ್‌ಡಿಗೆ ಜಾಸ್ತಿ ಕೊಡುವ ಅಗತ್ಯ ಕಂಡಿಲ್ಲ.

ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಗೆ ಈಗಲೂ ಹತ್ತು ನಿಮಿಷ ಚಿತ್ರ ಹೋಗುತ್ತದೆ. ಉಪಗ್ರಹದ ಅಲೆಯನ್ನು ದಪ್ಪ ಮಳೆಯೇ ನುಂಗುತ್ತದೆ, ಅದಕ್ಕೆ ನಾವು ಹೆಚ್ಚೇನೂ ಮಾಡಲಾಗದು. ಆದರೆ ಹೋದರೆ ಎಲ್ಲ ಚಾನೆಲೂ ಒಟ್ಟಿಗೆ ಹೋಗುತ್ತವೆ. ಅಮ್ಮ ಟೀವಿಯ ಸ್ವರ ತಗ್ಗಿಸಿ ಬೀಜ ಸುಲಿಯುತ್ತಾ ಕೂತಿರುತ್ತಾರೆ. ಮಳೆ ಹನಿ ಸಣ್ಣದಾದಂತೆ ವಾರ್ತೆಯೂ ತಾನಾಗಿ ಬರುತ್ತದೆ.