ಸ್ಟ್ಯಾಂಪು ನೋಡಿ ಬೆಲೆ ಹೇಳುವ ಅಂಗಡಿ: ಕಣ್ಣಿಗೆ ಪೂರ್ತಿ ಅಂಕ, ಖರೀದಿಗೆ ಅರ್ಧ

ಮನೆಯಲ್ಲಿ ಅಪ್ಪನದೋ ತಾತನದೋ ಸ್ಟ್ಯಾಂಪ್ ಆಲ್ಬಮ್ ಬಿದ್ದಿದ್ದು, ಅದಕ್ಕೆ ಏನಾದರೂ ಬೆಲೆ ಇದೆಯಾ ಅಂತ ತಿಳಿಯಬೇಕು ಅನ್ನೋರಿಗೆ ಈ ರಿವ್ಯೂ. ಬೆಂಗಳೂರಿನ ಹಳೇ ಪೇಟೆ ಕಡೆ ಒಂದು ಮಹಡಿ ಮೇಲಿನ ಪುಟ್ಟ ಅಂಗಡಿ. ನಾಣ್ಯ, ಹಳೇ ನೋಟು, ಸ್ಟ್ಯಾಂಪು ಮೂರೂ ನೋಡುತ್ತಾರೆ. ಹೆಸರು ಹಾಕುತ್ತಿಲ್ಲ, ಮುಂದೆ ಒಂದೆರಡು ದೂರೂ ಇವೆ. ಆದರೆ ಯಾವುದೇ ಊರಿನಲ್ಲಿ ಇಂಥ ಅಂಗಡಿಗೆ ಹೋದರೂ ಅವರಿಗೆ ಕೆಲಸ ಬರುತ್ತಾ ಇಲ್ಲವಾ ಅಂತ ಕಂಡುಹಿಡಿಯೋಕೆ ಇದು ಉಪಯೋಗಕ್ಕೆ ಬರಬಹುದು.

ನನಗೆ ಮೊದಲು ಹಿಡಿಸಿದ್ದು ಅವರು ಸ್ಟ್ಯಾಂಪನ್ನು ನೋಡುವ ರೀತಿ. ಚಿಮುಟದಲ್ಲಿ ಎತ್ತುತ್ತಾರೆ, ತಕ್ಷಣ ಮಗುಚುತ್ತಾರೆ. ಮುಂದಿನ ಚಿತ್ರ ಆಮೇಲೆ. ಹಿಂದಿನ ಗೋಂದು ಮೂಲದ್ದೇನಾ, ಹಿಂಜ್ (ಸ್ಟ್ಯಾಂಪನ್ನು ಆಲ್ಬಮ್ಮಿಗೆ ಅಂಟಿಸುವ ಪುಟ್ಟ ಕಾಗದದ ಪಟ್ಟಿ) ಅಂಟಿಸಿದ ಗುರುತು ಇದೆಯಾ, ಕಿತ್ತಾಗ ಕಾಗದ ತೆಳುವಾಗಿದೆಯಾ, ಮಡಿಕೆ ಬಿದ್ದಿದೆಯಾ, ತುಕ್ಕಿನ ಬಣ್ಣದ ಚುಕ್ಕೆ ಎದ್ದಿದೆಯಾ. ಈ ಚುಕ್ಕೆ ನಮ್ಮ ಹವೆಯಲ್ಲಿ ಶಾಪ ಇದ್ದಂತೆ. ಮಂಗಳೂರಿನ ಎರಡು ಮಳೆಗಾಲ ಕಳೆದ ಆಲ್ಬಮ್ ಆದರೆ ಕೇಳೋದೇ ಬೇಡ. ಅಪ್ಪನ ಆಲ್ಬಮ್ಮಿನ ಅರ್ಧ ಸ್ಟ್ಯಾಂಪು ಮುಂದೆ ಫಳಫಳ, ಹಿಂದೆ ಕಂದು ಚುಕ್ಕೆ. "ನೋಡಮ್ಮಾ, ಕೊಳ್ಳೋನು ದುಡ್ಡು ಕೊಡೋದು ಈ ಕಡೆಗೆ" ಅಂತ ಅವರು ಸ್ಟ್ಯಾಂಪಿನ ಹಿಂಬದಿ ತೋರಿಸಿದರು.

ಆಮೇಲೆ ಹಲ್ಲು, ಅಂದರೆ ತೂತುಗಳ ಸಾಲಿನಲ್ಲಿ ಹರಿದಾಗ ಸ್ಟ್ಯಾಂಪಿನ ಅಂಚಿನಲ್ಲಿ ಉಳಿಯುವ ಮೊನೆಗಳು. ನಾಲ್ಕೂ ಕಡೆ ಹಲ್ಲು ಪೂರ್ತಿ ಇರಬೇಕು, ಮೂಲೆಯದು ಮುರಿದಿರಬಾರದು. ಚಿತ್ರ ನಡುವೆ ಕೂತಿರಬೇಕು, ಒಂದು ಕಡೆ ವಾಲಿದ್ದರೆ ಬೆಲೆ ಇಳಿಯುತ್ತೆ. ಹಲ್ಲು ಅಳೆಯೋಕೆ ಒಂದು ಅಳತೆಪಟ್ಟಿ ಇದೆ, 2 ಸೆಂಟಿಮೀಟರಿನಲ್ಲಿ ಎಷ್ಟು ತೂತು ಅನ್ನೋದೇ ಲೆಕ್ಕ. ಇದನ್ನು ಅವರು ಬಳಸಿದ್ದು ನಮ್ಮ ಆಲ್ಬಮ್ಮಿನ ಮುಖ್ಯ ಸ್ಟ್ಯಾಂಪುಗಳ ಮೇಲೆ, ಅಂದರೆ 1948ರ ಗಾಂಧಿ ಸೆಟ್ಟಿನ ಮೇಲೆ.

ಈ ಸೆಟ್ಟಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಸ್ವಾತಂತ್ರ್ಯದ ಮೊದಲ ವರ್ಷ ತುಂಬಿದಾಗ, 1948ರ ಆಗಸ್ಟ್ 15ಕ್ಕೆ ಬಂದದ್ದು. 1½ ಆಣೆ, 3½ ಆಣೆ, 12 ಆಣೆ, 10 ರೂಪಾಯಿ, ಒಟ್ಟು ನಾಲ್ಕು. ಅಚ್ಚಾಗಿದ್ದು ಸ್ವಿಟ್ಜರ್ಲೆಂಡಿನ ಕೂರ್ವಾಸಿಯೇ ಪ್ರೆಸ್ಸಿನಲ್ಲಿ, ಫೋಟೋಗ್ರಾವ್ಯೂರ್ ವಿಧಾನದಲ್ಲಿ. ಎಲ್ಲರಿಗೂ ಬೇಕಾದದ್ದು 10 ರೂಪಾಯಿಯದು, ಅದಕ್ಕೇ ನಕಲಿ ಹಾವಳಿಯೂ ಅದರದೇ. ಅಂಗಡಿಯವರು ಭೂತಗನ್ನಡಿ ನನ್ನ ಕೈಗೇ ಕೊಟ್ಟು ಅಸಲಿ ಮತ್ತು ತಮ್ಮ ಹತ್ತಿರ ಇಟ್ಟುಕೊಂಡಿದ್ದ ಒಂದು ನಕಲಿ ಎರಡನ್ನೂ ಪಕ್ಕಪಕ್ಕ ತೋರಿಸಿದರು. ಆಫ್‌ಸೆಟ್ ಅಚ್ಚಿನಲ್ಲಿ ಮಾಡಿದ ನಕಲಿಯಲ್ಲಿ ಗಾಂಧೀಜಿ ಕೆನ್ನೆಯ ಮೇಲೆ ಪೇಪರಿನ ಫೋಟೋದಲ್ಲಿ ಕಾಣುವಂಥ ಚುಕ್ಕಿ ಚುಕ್ಕಿ, ಅಸಲಿಯಲ್ಲಿ ನೆರಳು ಮೆತ್ತಗೆ ಇಳಿದುಹೋಗುತ್ತೆ. ಅಸಲಿಯ ಹಲ್ಲಿನ ಅಳತೆ 11½, ಅಗ್ಗದ ನಕಲಿ ಎಷ್ಟೋ ಸಲ ಇಲ್ಲೇ ಸಿಕ್ಕಿಬೀಳುತ್ತೆ ಅಂತೆ. ನಮ್ಮದು ಅಸಲಿ. ಖುಷಿ ಜಾಸ್ತಿ ಹೊತ್ತು ಇರಲಿಲ್ಲ, ಯಾಕಂದರೆ ಅದನ್ನು ಮಗುಚಿದಾಗ ಹಿಂಜ್ ಕಿತ್ತ ದೊಡ್ಡ ಗುರುತು, ಅದರ ನಡುವೆ ತೆಳುವಾದ ಕಾಗದ.

ಇಲ್ಲಿ ಅವರು ಕೊಟ್ಟ ವಿವರಣೆಯಿಂದಲೇ ನಾನು ಕೊಟ್ಟ ಫೀಸು ವಸೂಲಾಯಿತು. ಸ್ಟ್ಯಾಂಪು ಮಾರುವ ಬ್ರಿಟಿಷ್ ಕಂಪನಿ ಸ್ಟ್ಯಾನ್ಲಿ ಗಿಬ್ಬನ್ಸ್‌ನ ಬೆಲೆ ಕ್ಯಾಟಲಾಗ್ ನೋಡಿ ಎಲ್ಲರೂ ಬೆಲೆ ಹೇಳುತ್ತಾರೆ, ಆದರೆ ಆ ಬೆಲೆ ಯಾವ ಸ್ಥಿತಿಯ ಸ್ಟ್ಯಾಂಪಿಗೆ ಅಂತ ಮುನ್ನುಡಿಯನ್ನು ಯಾರೂ ಓದೋಲ್ಲ. ಅದರಲ್ಲಿ ಬ್ರಿಟನ್ ರಾಜ ಐದನೇ ಜಾರ್ಜ್ ಕಾಲದವರೆಗಿನ ಮಿಂಟ್, ಅಂದರೆ ಬಳಸದ, ಸ್ಟ್ಯಾಂಪಿಗೆ ಹಗುರವಾದ ಹಿಂಜ್ ಗುರುತು ಇರುತ್ತೆ ಅಂತಲೇ ಬೆಲೆ ಹಾಕಿದ್ದಾರೆ, ಅದಾದ ಮೇಲಿನದಕ್ಕೆ ಹಿಂಜ್ ಮುಟ್ಟಿಯೇ ಇರಬಾರದು. ಅಂದರೆ 1948ರ ಗಾಂಧಿಗೆ ಅಲ್ಲಿ ಕಾಣುವ ಬೆಲೆ ನಮ್ಮ ಗುರುತು ಬಿದ್ದ ಗಾಂಧಿಯದ್ದಲ್ಲವೇ ಅಲ್ಲ. ಜೊತೆಗೆ ಅದು ಆ ಕಂಪನಿ ಮಾರುವ ಬೆಲೆ, ನಮ್ಮಿಂದ ಕೊಳ್ಳುವ ಬೆಲೆ ಅಲ್ಲ. ಇನ್ನೊಂದು ತಮಾಷೆ, ವಿಕ್ಟೋರಿಯಾ ಕಾಲದ ಸ್ಟ್ಯಾಂಪು ಹಿಂಜೇ ಮುಟ್ಟದ ಹೊಸ ಗೋಂದಿನಲ್ಲಿ ಮಿನುಗುತ್ತಿದ್ದರೆ ಮೊದಲು ಅನುಮಾನ ಪಡಬೇಕು. ಮತ್ತೆ ಗೋಂದು ಬಳಿದವರು ಇರುತ್ತಾರೆ, ಹಲ್ಲಿನ ತುದಿಗೆ ಗೋಂದು ಅಂಟಿ ಗಟ್ಟಿಯಾಗಿದ್ದರೆ ಗೊತ್ತಾಗುತ್ತೆ.

ಹಳೇದಾದರೆ ದುಬಾರಿ ಅನ್ನೋ ನಂಬಿಕೆಯನ್ನೂ ಅವರು ಮುಲಾಜಿಲ್ಲದೆ ಮುರಿಯುತ್ತಾರೆ. ಜಗತ್ತಿನ ಮೊದಲ ಸ್ಟ್ಯಾಂಪು, 1840ರ ಪೆನ್ನಿ ಬ್ಲ್ಯಾಕ್, ಅಚ್ಚಾಗಿದ್ದೇ 6 ಕೋಟಿ 80 ಲಕ್ಷ. ಆಗ ಹಲ್ಲು ಇರಲಿಲ್ಲ, ಕತ್ತರಿಯಲ್ಲಿ ಕತ್ತರಿಸುತ್ತಿದ್ದರು, ಹಾಗಾಗಿ ನಾಲ್ಕೂ ಕಡೆ ಅಂಚು ಉಳಿದಿದ್ದರೆ ಒಂದು ಬೆಲೆ, ಒಂದು ಕಡೆ ಚಿತ್ರಕ್ಕೇ ಕತ್ತರಿ ಬಿದ್ದಿದ್ದರೆ ಇನ್ನೊಂದು. ನಮ್ಮ ಆಲ್ಬಮ್ಮಿನ ಕೊನೆಯ ಪುಟಗಳು ಶಾರ್ಜಾ, ಅಜ್ಮಾನ್, ಫುಜೈರಾದ ದೊಡ್ಡ ದೊಡ್ಡ ಬಣ್ಣದ ಸ್ಟ್ಯಾಂಪು. ಮೊಹರು ಬಿದ್ದಿದೆ, ಹಿಂದೆ ಗೋಂದು ಹಾಗೇ ಇದೆ. ಅಂದರೆ ಅವು ಯಾವ ಕಾಗದದ ಮೇಲೂ ಪ್ರಯಾಣ ಮಾಡಿಲ್ಲ, ಸಂಗ್ರಹಕಾರರಿಗೆ ಮಾರೋಕೆ ಅಂತಲೇ ಮೊಹರು ಹೊಡೆದದ್ದು. ಮಕ್ಕಳಿಗೆ ಕೊಟ್ಟುಬಿಡಿ ಅಂದರು. ಮೈಸೂರು ಸಂಸ್ಥಾನದ ಸ್ಟ್ಯಾಂಪು ಅಂತ ಅಪ್ಪ ಜೋಪಾನ ಮಾಡಿದ್ದವು ಕೋರ್ಟ್ ಫೀ ಸ್ಟ್ಯಾಂಪುಗಳು. ಮೈಸೂರಿಗೆ ಸ್ವಂತ ಅಂಚೆ ವ್ಯವಸ್ಥೆ ಇತ್ತು, 1889ರಲ್ಲಿ ಅದು ಬ್ರಿಟಿಷರ ಅಂಚೆ ಜೊತೆ ಸೇರಿತು, ಆದರೆ ತಿರುವಾಂಕೂರು, ಹೈದರಾಬಾದಿನ ಹಾಗೆ ಅಂಟಿಸುವ ಅಂಚೆಚೀಟಿ ತರಲಿಲ್ಲ. ಹಾಗಂತ ಎಸೆಯಬೇಡಿ, ಕೋರ್ಟ್ ಫೀ ಕೂಡಿಸೋರೂ ಇದ್ದಾರೆ.

ಎಲ್ಲಕ್ಕಿಂತ ಒಳ್ಳೆಯ ಸಲಹೆ ಸಿಕ್ಕಿದ್ದು ಒಂದು ಕಟ್ಟು ಹಳೇ ಲಕೋಟೆಗಳ ಬಗ್ಗೆ. ಸ್ಟ್ಯಾಂಪು ಬಿಡಿಸೋಕೆ ನೀರಲ್ಲಿ ನೆನೆಹಾಕಬೇಡಿ ಅಂದರು. ಮೊಹರಿನಲ್ಲಿ ಊರು, ತಾರೀಖು ಸ್ಪಷ್ಟವಾಗಿದ್ದರೆ ಇಡೀ ಲಕೋಟೆಗೆ ಒಂಟಿ ಸ್ಟ್ಯಾಂಪಿಗಿಂತ ಜಾಸ್ತಿ ಬರಬಹುದು.

ಈಗ ದೂರು. ಬೆಲೆ ಹೇಳುವವರೂ ಅವರೇ, ಕೊಳ್ಳುವವರೂ ಅವರೇ. ಇದು ನನಗೆ ಸರಿ ಅನ್ನಿಸಲಿಲ್ಲ. ಸ್ಥಿತಿ ಮತ್ತು ಅಂದಾಜು ಬೆಲೆಯ ಚೀಟಿ ಬರೆದುಕೊಟ್ಟ ಮೇಲೆ "ಕೊಡೋದಾದರೆ ಈಗಲೇ ಹೇಳಿ" ಅಂತ ಕೇಳಿದ ಮೊತ್ತ ಚೀಟಿಯಲ್ಲಿದ್ದ ಕನಿಷ್ಠ ಅಂದಾಜಿನ ಅರ್ಧಕ್ಕಿಂತ ಕಮ್ಮಿ. ವ್ಯಾಪಾರಿಗೆ ಲಾಭ ಬೇಕು, ಒಪ್ಪುತ್ತೇನೆ, ಆದರೆ ಆ ಅವಸರ ಬೇಡವಾಗಿತ್ತು. ವಾಟರ್‌ಮಾರ್ಕ್ (ಕಾಗದದೊಳಗೆ ಅಡಗಿರುವ ಗುರುತು) ನೋಡುವ ದ್ರಾವಣ ಮೇಜಿನ ಮೇಲೇ ಇದ್ದರೂ ನಾನು ಕೇಳುವವರೆಗೆ ತೆಗೆಯಲಿಲ್ಲ. ಚೀಟಿಯಲ್ಲಿ ಸ್ಥಿತಿಯ ವಿವರ ಚೆನ್ನಾಗಿದೆ, ಆದರೆ ಅದು ಸರ್ಟಿಫಿಕೇಟ್ ಅಲ್ಲ. ನಿಜವಾಗಿ ದುಬಾರಿ ಸ್ಟ್ಯಾಂಪು ಸಿಕ್ಕಿದರೆ, ಉದಾಹರಣೆಗೆ ರಾಣಿಯ ತಲೆ ಉಲ್ಟಾ ಅಚ್ಚಾದ 1854ರ 4 ಆಣೆ ಅಂತ ಯಾರಾದರೂ ಹೇಳಿದರೆ, ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯಂಥ ಕಡೆಯ ತಜ್ಞರ ಸರ್ಟಿಫಿಕೇಟ್ ಇಲ್ಲದೆ ಕೊಳ್ಳೋಕೂ ಹೋಗಬೇಡಿ, ಮಾರೋಕೂ ಹೋಗಬೇಡಿ.

ಸ್ಥಿತಿ ನೋಡೋದಕ್ಕೆ ಐದಕ್ಕೆ ಐದು, ಖರೀದಿ ಮಾತಿಗೆ ಎರಡೂವರೆ. ಹೋಗೋದಾದರೆ ಮಧ್ಯಾಹ್ನದ ಮುಂಚೆ ಹೋಗಿ, ಕಿಟಕಿ ಬೆಳಕು ಆಗಲೇ ಚೆನ್ನಾಗಿರೋದು. ಫೀಸು ಮೊದಲೇ ಕೇಳಿಕೊಳ್ಳಿ. ಸ್ಟ್ಯಾಂಪು ಮುಟ್ಟೋದು ಚಿಮುಟದಲ್ಲಿ ಮಾತ್ರ, ಬೆರಳಿನ ಬೆವರು ಗೋಂದಿಗೆ ಆಗೋಲ್ಲ. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದಾಗಿವೆ, ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ನೋಡಿಕೊಳ್ಳಿ.